ಎಂಐಟಿಗೆ ಹೊರಟ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಅಮೆರಿಕದ ಎಂಐಟಿಯಲ್ಲಿ (ಮೆಸಾಚುಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ) ಸೀಟು ಸಿಕ್ಕಿದ್ದು ತಿಳಿದು ತುಂಬಾ ಖುಷಿಯಾಯಿತು. ‘ಅಲ್ಲಿ ಓದು ಬಿಟ್ಟರೆ ಬೇರೇನೂ ಇಲ್ವಂತೆ, ನಿಜವಾ?’ ಅಂತ ಕೇಳಿದ್ದೀಯಲ್ಲ, ಅದಕ್ಕೇ ಈ ಪತ್ರ.

ಓದು ಜಾಸ್ತಿಯೇ. ವಾರವಾರವೂ ಪಿ-ಸೆಟ್ ಬರುತ್ತದೆ, ಅಂದರೆ ಬಿಡಿಸಿ ಕೊಡಬೇಕಾದ ಲೆಕ್ಕಗಳ ಕಂತೆ. ಆದರೆ ಅಲ್ಲಿಯವರು ಆಟಕ್ಕೆ ಅಂತ ಬೇರೆ ತಲೆ ಇಟ್ಟುಕೊಂಡಿಲ್ಲ. ಲೆಕ್ಕ ಬಿಡಿಸುವ ತಲೆಯಲ್ಲೇ ಆಡುತ್ತಾರೆ. ನನಗೆ ಆ ಜಾಗ ಇಷ್ಟವಾಗುವುದೇ ಇದಕ್ಕೆ.

1994ರ ಮೇ ತಿಂಗಳಲ್ಲಿ ಒಂದು ಬೆಳಗ್ಗೆ ಅಲ್ಲಿನ ದೊಡ್ಡ ಗುಮ್ಮಟದ ನೆತ್ತಿಯ ಮೇಲೆ ಪೊಲೀಸ್ ಕಾರು ನಿಂತಿತ್ತು! ಒಳಗೆ ಪೊಲೀಸ್ ವೇಷದ ಬೊಂಬೆ, ಜೊತೆಗೆ ಡೋನಟ್ ಡಬ್ಬಿ. ಕಾರಿನ ನಂಬರ್ ‘ಪೈ’. ಮರದ ಚೌಕಟ್ಟಿಗೆ ಷೆವರ್ಲೆ ಕಾರಿನ ಹೊರಮೈ ತಗಡು ಜೋಡಿಸಿ ಅದನ್ನು ಮಾಡಿದ್ದರು. ವಿದ್ಯಾರ್ಥಿಗಳ ಇಂಥ ಜಾಣ ಕೀಟಲೆಗೆ ಅಲ್ಲಿ ‘ಹ್ಯಾಕ್’ ಅಂತಾರೆ. ಮಾಡಿದವರು ಹೆಸರು ಹೇಳಿಕೊಳ್ಳುವುದಿಲ್ಲ. ಏನನ್ನೂ ಹಾಳು ಮಾಡಬಾರದು ಅನ್ನುವುದು ಅವರೇ ಹಾಕಿಕೊಂಡ ಕಟ್ಟಳೆ. ಭಾರ ಎಷ್ಟಿರಬೇಕು, ಎಷ್ಟು ತುಂಡು ಮಾಡಬೇಕು, ಯಾರಿಗೂ ಕಾಣದಂತೆ ಮೇಲೇರಿಸುವುದು ಹೇಗೆ? ಯೋಚಿಸಿ ನೋಡು, ಅದೂ ಇಂಜಿನಿಯರಿಂಗೇ ಅಲ್ವಾ?

ಎಂಐಟಿ ಪಕ್ಕದಲ್ಲೇ ಇರುವ ಹಾರ್ವರ್ಡ್ ಸೇತುವೆ ಮೇಲೆ ತಪ್ಪದೆ ನಡೆದು ಬಾ. 1958ರಲ್ಲಿ ಆಲಿವರ್ ಸ್ಮೂಟ್ ಎಂಬ ವಿದ್ಯಾರ್ಥಿಯನ್ನು ಗೆಳೆಯರು ಮಲಗಿಸಿ, ಎಬ್ಬಿಸಿ, ಮತ್ತೆ ಮಲಗಿಸಿ ಅದರ ಉದ್ದ ಅಳೆದರು. ಆತನ ಎತ್ತರವೇ ಒಂದು ‘ಸ್ಮೂಟ್’. 364.4 ಸ್ಮೂಟ್ ಬಂತು, ‘ಒಂದು ಕಿವಿಯಷ್ಟು ಹೆಚ್ಚುಕಡಿಮೆ’. ಆ ಗುರುತುಗಳು ಇವತ್ತಿಗೂ ಅಲ್ಲಿವೆ. ಮುಂದೆ ಆತ ಅಳತೆ, ಗುಣಮಟ್ಟಗಳನ್ನು ಗೊತ್ತುಪಡಿಸುವ ಐಎಸ್‌ಒ ಸಂಸ್ಥೆಗೇ ಅಧ್ಯಕ್ಷರಾದರು.

ಎಲ್ಲಕ್ಕಿಂತ ನನಗೆ ಮೆಚ್ಚುಗೆಯಾದದ್ದು ಮಿಸ್ಟರಿ ಹಂಟ್ ಅನ್ನುವ, ತಂಡ ಕಟ್ಟಿಕೊಂಡು ಒಗಟು ಬಿಡಿಸುವ ಸ್ಪರ್ಧೆ. ಇದು ಶುರುವಾದದ್ದು 1981ರಲ್ಲಿ, ನಡೆಯುವುದು ಜನವರಿಯಲ್ಲಿ. ಒಗಟುಗಳನ್ನು ಕೈಗಿಡುತ್ತಾರೆ, ಏನು ಮಾಡಬೇಕು ಅಂತ ಮಾತ್ರ ಹೇಳುವುದಿಲ್ಲ. ಒಬ್ಬನಿಗೆ ಸಂಗೀತ ಗೊತ್ತು, ಇನ್ನೊಬ್ಬಳಿಗೆ ಕೋಡ್ ಬರೆಯಲು ಬರುತ್ತದೆ, ಮತ್ತೊಬ್ಬರಿಗೆ ಹಳೇ ಭಾಷೆಗಳ ಹುಚ್ಚು. ಎಲ್ಲರೂ ಸೇರಿದರೇ ದಾರಿ ಸಿಗುವುದು. ಕೊನೆಗೆ ಕ್ಯಾಂಪಸ್‌ನಲ್ಲಿ ಬಚ್ಚಿಟ್ಟ ನಾಣ್ಯ ಹುಡುಕಬೇಕು. ಗೆದ್ದ ತಂಡಕ್ಕೆ ಮುಂದಿನ ವರ್ಷದ ಒಗಟುಗಳನ್ನು ಕಟ್ಟುವ ಹೊಣೆ. ನಿದ್ದೆಗೆಟ್ಟು, ಅಂಕದ ಆಸೆಯಿಲ್ಲದೆ, ಸುಮ್ನೆ ಖುಷಿಗಾಗಿ ಇಷ್ಟೆಲ್ಲ ಮಾಡುತ್ತಾರಲ್ಲ, ಅದು ನನಗೆ ತುಂಬಾ ದೊಡ್ಡದಾಗಿ ಕಾಣುತ್ತದೆ.

ಮೊದಲ ಸೆಮಿಸ್ಟರ್ ಬಗ್ಗೆ ಜಾಸ್ತಿ ಹೆದರಬೇಡ. ಆಗ ಫೇಲಾದ ವಿಷಯ ಹೊರಗಿನವರಿಗೆ ಕೊಡುವ ಅಂಕಪಟ್ಟಿಯಲ್ಲಿ ಬರುವುದಿಲ್ಲ. ಹೋದ ಕೂಡಲೇ ಹಂಟ್‌ನ ಒಂದು ತಂಡ ಸೇರಿಕೋ. ಪಿ-ಸೆಟ್ ಎಲ್ಲ ಮುಗಿಯಲಿ ಅಂತ ಮಾತ್ರ ಕಾಯಬೇಡ. ಜನವರಿಯ ಹಂಟ್ ಆದ ಮೇಲೆ, ನಿನ್ನನ್ನು ಜಾಸ್ತಿ ಸತಾಯಿಸಿದ ಒಗಟು ಯಾವುದು ಅಂತ ಬರೆ. ನಾನೂ ಬಿಡಿಸಿ ನೋಡುತ್ತೇನೆ.

ಇಂತಿ ನಿನ್ನ ಗೆಳೆಯ