ಪಾದ್ರಿಗಳ ಬಗ್ಗೆ ಬರೆಯುವ ತಂಗಿಗೆ

ಪ್ರೀತಿಯ ತಂಗಿ,

ನಿನ್ನ ಲೇಖನ ಬಂತು. ನಿನ್ನೆ ಮಳೆಗೆ ಕರೆಂಟ್ ಹೋಗಿತ್ತು. ದೀಪ ಹಚ್ಚಿಟ್ಟುಕೊಂಡು ಎರಡು ಸಲ ಓದಿದೆ. 1834ರಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಪ್ರಚಾರ ಸಂಸ್ಥೆ ಬಾಸೆಲ್ ಮಿಷನ್‌ನ ಹೆಬಿಕ್, ಲೇನರ್, ಗ್ರೈನರ್ ಮಂಗಳೂರಿಗೆ ಬಂದದ್ದು, 1843ರ ಜುಲೈ 1ರಂದು ಅವರದ್ದೇ ಪಾದ್ರಿ ಮೋಗ್ಲಿಂಗ್ 'ಮಂಗಳೂರ ಸಮಾಚಾರ' ಪತ್ರಿಕೆ ಹೊರಡಿಸಿದ್ದು, 1865ರ ಹಂಚಿನ ಕಾರ್ಖಾನೆ, 1894ರ ಕಿಟೆಲ್ ನಿಘಂಟು, ಅದರ ಸುಮಾರು 70,000 ಪದಗಳು. ಎಲ್ಲ ಸರಿಯಾಗಿಯೇ ಇದೆ. ಆದರೆ ಒಂದು ಮಾತು, ಬೇಜಾರು ಮಾಡ್ಕೋಬೇಡ. ಇವರು ಬಂದದ್ದು ಯಾಕೆ? ನಿನ್ನ ಎಂಟು ಪುಟಗಳಲ್ಲಿ ಯೇಸುವಿನ ಹೆಸರು ಒಂದು ಸಲವೂ ಬಂದಿಲ್ಲ.

ಹಂಚು ಸುಡುವುದಕ್ಕೆ ಅಂತ ಯಾರೂ ತಿಂಗಳುಗಟ್ಟಲೆ ಹಡಗಿನಲ್ಲಿ ಬರುವುದಿಲ್ಲ. ಅವರಿಗೆ ಒಂದು ನಂಬಿಕೆ ಇತ್ತು, ಅದನ್ನು ಇಲ್ಲಿಯವರಿಗೆ ಹೇಳಲೇಬೇಕು ಅನ್ನಿಸಿತ್ತು. ಪಾದ್ರಿಗಳನ್ನು ಮೆಚ್ಚುವವರು ನಿಘಂಟು, ಅಚ್ಚುಕೂಟ ಅಂತ ಹೇಳಿ ಮುಗಿಸುತ್ತಾರೆ. ಮೆಚ್ಚದವರು 'ಮತಾಂತರ' ಎಂಬ ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಒಬ್ಬ ಹೇಳಿದಾಗ ಇನ್ನೊಬ್ಬ ಕೇಳಿಸಿಕೊಂಡದ್ದು ಏನು ಎಂಬುದನ್ನು ಯಾರೂ ಬರೆಯುವುದಿಲ್ಲ. ನೀನು ಬರಿ.

'ಪಾಪ' ಎನ್ನುವ ಮಾತನ್ನೇ ತಗೋ. ನಮ್ಮ ಕಡೆ 'ಅವ ಪಾಪದವ' ಅಂದರೆ ಯಾರ ಗೊಡವೆಗೂ ಹೋಗದ ಸಾಧು ಮನುಷ್ಯ. ಮಗು ಜಾರಿ ಬಿದ್ದರೆ 'ಅಯ್ಯೋ ಪಾಪ' ಅನ್ನುತ್ತೇವೆ. ಆದರೆ ಪಾದ್ರಿ ಹೇಳಬೇಕಾದದ್ದೆಲ್ಲ ಪಾಪ ಮತ್ತು ಅದರ ಕ್ಷಮೆಯ ಸುತ್ತಲೇ ಇತ್ತು. ಜರ್ಮನ್ ನಾಲಗೆಯ ಕನ್ನಡದಲ್ಲಿ ಅವನು 'ನಾವೆಲ್ಲ ಪಾಪಿಗಳು' ಅಂದಾಗ, ಎದುರು ನಿಂತ ಬೇಸಾಯಗಾರನ ಕಿವಿಗೆ ಅದು ಹೇಗೆ ಬಿದ್ದಿರಬಹುದು? ಬೈಗುಳವೋ? ಕನಿಕರವೋ? ಹಿಂದಿನ ಜನ್ಮದ ಕರ್ಮದ ಮಾತೋ? ಇಲ್ಲಿ ದಿನಾ ಆಡುವ ಮಾತನ್ನೇ ಎತ್ತಿಕೊಂಡು, ಅದರೊಳಗೆ ತನ್ನ ಅರ್ಥ ತುಂಬಲು ಅವನು ಒದ್ದಾಡಿದ. ಯಾವ ಮಾತು ಹೊಂದುತ್ತದೆ, ಯಾವುದು ಹೊಂದುವುದಿಲ್ಲ ಎಂದು ತಿದ್ದಿಕೊಟ್ಟವರು ಇಲ್ಲಿಯ ಮುನ್ಶಿಗಳು, ಅಂದರೆ ಪಾದ್ರಿಗಳಿಗೆ ಕನ್ನಡ ಕಲಿಸಿದ ಪಂಡಿತರು. ಆ ನಂಬಿಕೆ ಒಪ್ಪದ ಮುನ್ಶಿಗಳೂ ಇದ್ದರು. ಒಪ್ಪದೆಯೂ ಅದನ್ನು ಚೆಂದದ ಕನ್ನಡದಲ್ಲಿ ಕೂರಿಸಿಕೊಟ್ಟರು, ನೋಡು! ಅಂಥವನೊಬ್ಬ ನಿನ್ನ ಲೇಖನದಲ್ಲಿ ಇರಲೇಬೇಕು.

ಮೋಗ್ಲಿಂಗ್ ದಾಸರ ಪದಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದರು. ಉಡುಪಿ ಕೃಷ್ಣನನ್ನು ಹಾಡಿದ ಪದಗಳನ್ನು ಕ್ರಿಸ್ತನನ್ನು ಸಾರಲು ಬಂದ ಪಾದ್ರಿ ಕೂಡಿಸಿಟ್ಟರು. ದೈವಾರಾಧನೆಯನ್ನು ಪಿಶಾಚಿ ಪೂಜೆ ಎಂದು ಕರೆದವರೂ ಇದೇ ಮಿಷನ್‌ನವರು. ಇದೇ ಮಿಷನ್‌ನ ಮೆನ್ನರ್ ದೈವಗಳ ಕಥೆ ಹಾಡುವ ತುಳು ಪಾಡ್ದನಗಳನ್ನು ಬರೆಸಿ ಉಳಿಸಿದರು. ಎರಡನ್ನೂ ಬರಿ. ಒಂದನ್ನು ತೋರಿಸಿ ಇನ್ನೊಂದನ್ನು ಮುಚ್ಚಬೇಡ.

ನೋವೂ ಇತ್ತು. 1844ರಲ್ಲಿ ಮಿಷನ್ ಶಾಲೆಯ ಹುಡುಗ, ಸಾರಸ್ವತ ಬ್ರಾಹ್ಮಣರ ಮನೆಯ ಆನಂದರಾವ್ ಕೌಂಡಿನ್ಯ ದೀಕ್ಷಾಸ್ನಾನ ಪಡೆದು ಕ್ರೈಸ್ತನಾದಾಗ ಊರೆಲ್ಲ ಗದ್ದಲ. ಅವರು ಬಾಸೆಲ್‌ಗೆ ಹೋಗಿ ಓದಿ, ಪಾದ್ರಿಯಾಗಿ ತಿರುಗಿ ಬಂದರು. ನೀನು ಇದನ್ನು ಒಂದು ಸಾಲಿನಲ್ಲಿ ದಾಟಿಬಿಟ್ಟಿದ್ದೀಯ. ಸ್ವಲ್ಪ ನಿಲ್ಲು. ಬದುಕಿರುವ ಮಗ ಮನೆಯ ಪಾಲಿಗೆ ಇಲ್ಲವಾದ. ಆ ಹುಡುಗನಿಗೋ, ಅದೆಲ್ಲ ಬಿಟ್ಟು ಬರುವಷ್ಟು ದೊಡ್ಡದೇನೋ ಸಿಕ್ಕಿತ್ತು. ಮನೆಯವರ ನೋವನ್ನೂ ಅವನ ನಂಬಿಕೆಯನ್ನೂ ಸಣ್ಣದು ಮಾಡಬೇಡ.

ಮೂವತ್ತು ವರ್ಷದ ಹಿಂದೆ ನಾನೂ ಇದೇ ತಪ್ಪು ಮಾಡಿದೆ. ಉಡುಪಿ ಕಡೆಯ ಒಂದು ಹಳೇ ಚರ್ಚಿನ ಬಗ್ಗೆ ಬರೆಯಲು ಹೋಗಿದ್ದೆ. ಅಲ್ಲೊಬ್ಬರು ಅಜ್ಜಿ, ಹಳೆ ಸೀರೆಯ ತುಂಡಿನಲ್ಲಿ ಸುತ್ತಿಟ್ಟ ಗೀತಪುಸ್ತಕ ತಂದು ತೋರಿಸಿದರು. ಮೂಲೆಗಳೆಲ್ಲ ಎಣ್ಣೆ ಹತ್ತಿ ಕಂದಾಗಿದ್ದವು. ಅವರ ಮುತ್ತಜ್ಜ ಹೊಸ ನಂಬಿಕೆಗೆ ಬಂದಾಗ ಉಟ್ಟ ಬಟ್ಟೆಯಲ್ಲಿ ಮನೆ ಬಿಡಬೇಕಾಯಿತಂತೆ. ಹೇಳುತ್ತಾ ಹೇಳುತ್ತಾ ಅಜ್ಜಿ ಹಾಡಲು ಶುರು ಮಾಡಿದರು. ರಾಗ ಜರ್ಮನಿಯದ್ದು. ಸಾಲಿನ ಕೊನೆಯಲ್ಲಿ ಸ್ವರ ಎಳೆಯುವ ರೀತಿ ಮಾತ್ರ ನಮ್ಮೂರ ಗದ್ದೆ ಹಾಡಿನದ್ದು. ನಾನು ತಲೆ ಬಗ್ಗಿಸಿ ಪುಸ್ತಕ ಅಚ್ಚಾದ ವರ್ಷ ಬರೆದುಕೊಳ್ಳುತ್ತಿದ್ದೆ. ಹಾಡು ಮುಗಿದ ಮೇಲೆ ಅವರು ಪುಸ್ತಕದ ಮೇಲೆ ಕೈ ಇಟ್ಟು ಸುಮ್ನೆ ಕೂತರು. ಏನನ್ನೋ ಹೇಳುವವರಿದ್ದರು ಅಂತ ಈಗ ಅನ್ನಿಸುತ್ತದೆ. ನನಗೆ ಬಸ್ಸಿನ ಹೊತ್ತಾಗಿತ್ತು, ಎದ್ದು ಬಂದೆ. ಮುಂದಿನ ವರ್ಷ ಹೋದಾಗ ಅಜ್ಜಿ ಇರಲಿಲ್ಲ.

ಮಂಗಳೂರಿನ ಬಲ್ಮಠದಲ್ಲಿ ಪಾದ್ರಿಗಳನ್ನು ತಯಾರು ಮಾಡುವ ಥಿಯಲಾಜಿಕಲ್ ಕಾಲೇಜಿನಲ್ಲಿ ಹಳೆಯ ದಾಖಲೆಗಳಿವೆ, ಅವನ್ನು ನೋಡು. ಅದಕ್ಕೂ ಮೊದಲು ಒಂದು ಭಾನುವಾರ ಚರ್ಚಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತ್ಕೋ. ಚರ್ಚಿಗೆ ಬೆಳೆ ತಂದು ಅರ್ಪಿಸುವ ಬೆಳೆ ಹಬ್ಬದ ದಿನವಾದರೆ ಇನ್ನೂ ಒಳ್ಳೆಯದು. ಬಾಳೆಗೊನೆ, ಸೌತೆ, ತೆಂಗಿನಕಾಯಿ ಏಲಂ ಆಗುವಾಗ ಜನ ಮನಸ್ಸು ಬಿಚ್ಚಿ ಮಾತಾಡುತ್ತಾರೆ. ನಿಮ್ಮ ಮನೆಯಲ್ಲಿ ಮೊದಲು ನಂಬಿದವರು ಯಾರು, ಅವರು ಕೇಳಿಸಿಕೊಂಡದ್ದು ಏನು ಅಂತ ಕೇಳು. ಆಮೇಲೆ ಅದೇ ಊರಿನಲ್ಲಿ ಪಾದ್ರಿಯ ಮಾತು ಕೇಳಿ, ಒಪ್ಪದೆ ಮನೆಗೆ ಹೋದವರ ಮೊಮ್ಮಕ್ಕಳನ್ನೂ ಹುಡುಕು. ವಾಪಸ್ ಬರುವ ಬಸ್ಸಿನ ಟೈಮ್ ನೋಡ್ಕೊಂಡು ಹೋಗಬೇಡ.

ತಿದ್ದಿದ ಮೇಲೆ ಕಳಿಸು. ಕಾಯುತ್ತಿರುತ್ತೇನೆ.

ನಿನ್ನ ಅಕ್ಕ