ಉಸಿರು ಎಣಿಸುವುದನ್ನು ಮೊದಲು ಕಲಿಸಿ

ಮಾನ್ಯ ಸಂಪಾದಕರೇ,

ತರಬೇತಿಗೆಂದು ವಾರ್ಡಿಗೆ ಬರುವ ನರ್ಸಿಂಗ್ ವಿದ್ಯಾರ್ಥಿಗಳು ತುಂಬಿದ ಕೇಸ್ ಶೀಟುಗಳನ್ನು ತಿರುವಿದಾಗಲೆಲ್ಲ ಉಸಿರಾಟದ ಕಾಲಂನಲ್ಲಿ ನನಗೆ ಕಾಣುವುದು ಒಂದೇ ಅಂಕಿ: 20. ಹತ್ತಿ ಹೊಲಕ್ಕೆ ಔಷಧ ಹೊಡೆಯುವಾಗ ವಿಷವೇರಿ ಬಂದ ರೈತನಿಗೂ 20, ಹರ್ನಿಯಾ ಆಪರೇಷನ್ನಿಗೆ ಕಾದು ಮಲಗಿದವರಿಗೂ 20. ಇದೇ ಮಕ್ಕಳನ್ನು ಆಮ್ಲ–ಕ್ಷಾರ ಸಮತೋಲನದ ಪಾಠ ಕೇಳಿದರೆ ರಕ್ತದ ಪಿಎಚ್ (ಇಳಿದಷ್ಟೂ ಆಮ್ಲ ಹೆಚ್ಚು, ಏರಿದಷ್ಟೂ ಕ್ಷಾರ ಹೆಚ್ಚು ಎಂದು ತೋರಿಸುವ ಅಳತೆ) 7.35ರಿಂದ 7.45, ಇಂಗಾಲದ ಡೈಆಕ್ಸೈಡ್ 35ರಿಂದ 45, ಆಮ್ಲವನ್ನು ತಣಿಸುವ ಬೈಕಾರ್ಬನೇಟ್ 22ರಿಂದ 26 ಎಂದು ತಡವರಿಸದೆ ಒಪ್ಪಿಸುತ್ತಾರೆ. ಆ ಅಂಕಿಗಳಿಗೂ ಎದುರಿಗೆ ಏರಿಳಿಯುತ್ತಿರುವ ಎದೆಗೂ ಇರುವ ನಂಟನ್ನು ಮಾತ್ರ ಯಾರೂ ತೋರಿಸಿಕೊಟ್ಟಿರುವುದಿಲ್ಲ.

ಇಂಗಾಲದ ಡೈಆಕ್ಸೈಡ್ ರಕ್ತದ ನೀರಿನಲ್ಲಿ ಕರಗಿ ಆಮ್ಲವಾಗುತ್ತದೆ, ಅದನ್ನು ಹೊರಹಾಕುವ ಕೆಲಸ ಉಸಿರಿನದು. ವಿಷದಿಂದ ಉಸಿರಾಟದ ಸ್ನಾಯುಗಳು ಸೋತು, ಶ್ವಾಸನಾಳದಲ್ಲಿ ಕಫ ತುಂಬಿದ ರೈತನಲ್ಲಿ ಅದು ಒಳಗೇ ಉಳಿದು 60ಕ್ಕೆ ಏರಿದರೆ ಪಿಎಚ್ 7.25ರ ಆಸುಪಾಸಿಗೆ ಕುಸಿಯುತ್ತದೆ. ಇಪ್ಪತ್ತು ವರ್ಷ ಬೀಡಿ ಸೇದಿ ಶ್ವಾಸಕೋಶ ಹಾಳಾದವರಲ್ಲಿಯೂ ಅದೇ 60 ಕಾಣಬಹುದು. ಆದರೆ ಅವರ ಮೂತ್ರಪಿಂಡಗಳು ನಿಧಾನವಾಗಿ ಬೈಕಾರ್ಬನೇಟನ್ನು 30ರ ಮೇಲಕ್ಕೆ ಏರಿಸಿಕೊಂಡಿರುವುದರಿಂದ ಪಿಎಚ್ 7.34ರ ಬಳಿ ನಿಂತಿರುತ್ತದೆ. ಮೂತ್ರಪಿಂಡದ ಈ ನೆರವು ಬರಲು ಎರಡು ಮೂರು ದಿನಗಳಾದರೂ ಬೇಕು, ರೈತನಿಗೆ ಅಷ್ಟು ಸಮಯವಿಲ್ಲ.

ಕೆಲವು ತಿಂಗಳ ಹಿಂದೆ ಉಬ್ಬಸದ ಯುವತಿಯೊಬ್ಬರು ದಾಖಲಾಗಿದ್ದರು. ನಿಮಿಷಕ್ಕೆ 36 ಉಸಿರು, ಬೆರಳುಗಳಲ್ಲಿ ಜೋಮು, ಡೈಆಕ್ಸೈಡ್ 29, ಪಿಎಚ್ 7.49. ರಭಸದ ಉಸಿರಿಗೆ ಆಮ್ಲ ಹೆಚ್ಚು ಹೊರಹೋಗಿ ರಕ್ತ ಕ್ಷಾರದ ಕಡೆ ವಾಲಿತ್ತು. ಮೂರು ಗಂಟೆಯ ನಂತರದ ಎಬಿಜಿಯಲ್ಲಿ (ಅಪಧಮನಿಯ ರಕ್ತದ ಅನಿಲಗಳ ಪರೀಕ್ಷೆ) ಡೈಆಕ್ಸೈಡ್ 41 ಬಂದಾಗ, "ಮೇಡಂ, ರಿಪೋರ್ಟ್ ನಾರ್ಮಲ್ ಬಂದೈತ್ರಿ" ಎಂದು ವಿದ್ಯಾರ್ಥಿನಿ ಸಂತೋಷದಿಂದ ಹೇಳಿದಳು. ಯುವತಿ ಒಂದು ವಾಕ್ಯವನ್ನೂ ಪೂರ್ತಿ ಆಡಲಾರದೆ, ಕತ್ತಿನ ಸ್ನಾಯುಗಳನ್ನು ಎಳೆದು ಉಸಿರಾಡುತ್ತಿದ್ದರು. ಉಬ್ಬಸ ಇಳಿಯದೆ ಡೈಆಕ್ಸೈಡ್ ಮಾತ್ರ ಸಹಜಕ್ಕೆ ಬಂದಿದೆಯೆಂದರೆ ರೋಗಿ ದಣಿದು ಕೈಚೆಲ್ಲುತ್ತಿದ್ದಾರೆಂದೇ ತಿಳಿಯಬೇಕು. ನಾವು ಕೂಡಲೇ ವೈದ್ಯರನ್ನು ಕರೆದೆವು. ಆ ಹುಡುಗಿಯನ್ನು ನಾನು ದೂರುವುದಿಲ್ಲ, ಆಕೆಗೆ ಕಲಿಸಿದ್ದು ಅಂಕಿಗಳನ್ನಷ್ಟೇ.

ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕವನ್ನಷ್ಟೇ ಅಳೆಯುವ ಆಕ್ಸಿಮೀಟರ್ ಕೂಡ ಇಲ್ಲಿ ನೆರವಿಗೆ ಬಾರದು. ಆಮ್ಲಜನಕ ಕೊಟ್ಟಿದ್ದರೆ ಅದು 97 ತೋರಿಸುತ್ತಲೇ ಇರಬಹುದು, ಒಳಗೆ ಡೈಆಕ್ಸೈಡ್ ಏರುತ್ತಲೇ ಇರಬಹುದು.

ನಮ್ಮ ಜಿಲ್ಲೆಯ ಅನೇಕ ವಿದ್ಯಾರ್ಥಿಗಳು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು. ಪರೀಕ್ಷೆ ಇಂಗ್ಲಿಷಿನಲ್ಲೇ ಇರಲಿ, ಹಾಸಿಗೆಯ ಪಕ್ಕದ ವಿವರಣೆಯಾದರೂ ಕನ್ನಡದಲ್ಲಿ ನಡೆಯಲಿ. ಕಾಲಂನಲ್ಲಿ 20 ಎಂದು ಬರೆದ ವಿದ್ಯಾರ್ಥಿಯನ್ನು ರೋಗಿಯ ಬಳಿಗೆ ಮರಳಿ ಕರೆದೊಯ್ದು, ಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ಎಣಿಸಲು ಹೇಳುವಷ್ಟು ಬಿಡುವನ್ನು ಕಾಲೇಜುಗಳು ತಮ್ಮ ಬೋಧಕರಿಗೆ ಮಾಡಿಕೊಡಬೇಕೆಂದು ವಿನಂತಿಸುತ್ತೇನೆ.

– ಒಬ್ಬ ಹಿರಿಯ ಶುಶ್ರೂಷಾಧಿಕಾರಿ, ರಾಯಚೂರು