ಅಪ್ಪನ ಕಣ್ಣಿನ ವಿಷಯ

ಪಾಸಡೀನಾ, ಭಾನುವಾರ

ಅಮ್ಮನಿಗೆ ನಮಸ್ಕಾರ. ನಾನಿಲ್ಲಿ ಕ್ಷೇಮ. ನಿನ್ನ ಕಾಗದ ಗುರುವಾರ ಸಿಕ್ಕಿತು. ಇಷ್ಟೆಲ್ಲ ಆಗಿದ್ದು ಫೋನಿನಲ್ಲಿ ಯಾಕೆ ಹೇಳಲಿಲ್ಲ ಅಂತ ಮೊದಲು ಸಿಟ್ಟು ಬಂತು. ಅಪ್ಪ ಪಕ್ಕದಲ್ಲೇ ಕೂತಿರುತ್ತಾರೆ, ನೀನಾದರೂ ಹೇಗೆ ಹೇಳ್ತೀಯ.

ಸಾಗರದಿಂದ ಬರುವಾಗ ಲಾರಿ ಲೈಟು ಕಣ್ಣಿಗೆ ಹೊಡೆದು ಸ್ಕೂಟರ್ ಚರಂಡಿಗೆ ಇಳಿಸಿದರಂತೆ. ದೀಪದ ಸುತ್ತ ಬಳೆ ಕಾಣುತ್ತದೆ ಅಂತ ಹೋದ ವರ್ಷವೇ ಹೇಳಿದ್ದರಲ್ವಾ? ಡಾಕ್ಟರು ಪೊರೆ ಅಂದಮೇಲೆ ಪೊರೆಯೇ. ಅದು ಎಣ್ಣೆ ಹಾಕಿದರೆ ಕರಗುವುದಿಲ್ಲ.

ಮಗ ನಕ್ಷತ್ರ ನೋಡ್ತಾನೆ ಅಂತ ಊರೆಲ್ಲ ಹೇಳ್ತಾರೆ. ನೋಡುವುದಲ್ಲ, ಮುಚ್ಚುವುದು ನಮ್ಮ ಕೆಲಸ ಅಂತ ಹೇಳು. ಭೂಮಿಯಂಥ ಗ್ರಹ ತನ್ನ ಸೂರ್ಯನಿಗಿಂತ ಸುಮಾರು ಸಾವಿರ ಕೋಟಿ ಪಟ್ಟು ಮಂಕು. ರಾತ್ರಿ ಯಾರಾದರೂ ಬಂದರೆ ಅಪ್ಪ ಜಗಲಿ ಬಲ್ಬಿಗೆ ಅಂಗೈ ಅಡ್ಡ ಹಿಡಿದು ನೋಡ್ತಾರಲ್ಲ, ನಕ್ಷತ್ರದ ಬೆಳಕು ಮುಚ್ಚುವ ಕರೋನಾಗ್ರಾಫ್ ಅನ್ನುವ ಉಪಕರಣದ್ದೂ ಅದೇ ಕೆಲಸ. ಇದೇನು ಅಮೆರಿಕದವರೊಬ್ಬರ ವಿದ್ಯೆಯಲ್ಲ. ಇಸ್ರೋದ ಆದಿತ್ಯ-ಎಲ್1 ನೌಕೆಯಲ್ಲಿ ಸೂರ್ಯನನ್ನು ಮುಚ್ಚುವ ಕರೋನಾಗ್ರಾಫ್ ತಯಾರಾಗಿದ್ದು ನಮ್ಮ ಹೊಸಕೋಟೆ ಹತ್ತಿರ!

ಆದರೆ ಎಷ್ಟು ಮುಚ್ಚಿದರೂ ಕನ್ನಡಿಯ ಸಣ್ಣ ಉಬ್ಬುತಗ್ಗಿನಿಂದ ಬೆಳಕು ಚದುರುತ್ತದೆ. ಗ್ರಹ ಅದರಲ್ಲೇ ಮುಳುಗಿಹೋಗುತ್ತದೆ. ಅದಕ್ಕೇ ನಾಸಾದ ರೋಮನ್ ಅನ್ನುವ ಬಾಹ್ಯಾಕಾಶ ದೂರದರ್ಶಕದಲ್ಲಿ ಎರಡು ಬಾಗುವ ಕನ್ನಡಿ ಇಟ್ಟಿದ್ದಾರೆ. ಒಂದೊಂದರ ಬೆನ್ನಿಗೂ 48 ಸಾಲು, ಸಾಲಿಗೆ 48 ಪುಟ್ಟ ಗೂಟ. ಒಂದೊಂದನ್ನೇ ಕೂದಲೆಳೆಗಿಂತ ಎಷ್ಟೋ ಕಡಿಮೆ ತಳ್ಳಿ, ಎಳೆದು ಸರಿಮಾಡಬೇಕು. ಇದರ ನಂತರದ್ದು ಅಂತ ಈಗ ವಿನ್ಯಾಸ ಮಾಡುತ್ತಿರುವ ದೂರದರ್ಶಕದ ಕನ್ನಡಿ ಸುಮಾರು 6 ಮೀಟರ್. ಅದು ಒಂದು ಅಣುವಿನಷ್ಟೂ ಅಲುಗಬಾರದು. ಹಾರುವುದು 2040ರ ದಶಕಕ್ಕೆ. ನನ್ನ ಮದುವೆ ಅಷ್ಟು ದೂರ ಹೋಗುವುದಿಲ್ಲ, ಹೆದರಬೇಡ.

ಅಪ್ಪನ ಕಣ್ಣಿಗೆ ಇಷ್ಟೆಲ್ಲ ಸರ್ಕಸ್ ಬೇಡ. ಮಸುಕಾದ ಲೆನ್ಸ್ ತೆಗೆದು ಹೊಸದು ಹಾಕುತ್ತಾರೆ, ಅಷ್ಟೇ. ಸಾಮಾನ್ಯವಾಗಿ ಅದೇ ದಿನ ಮನೆಗೆ ಕಳಿಸುತ್ತಾರೆ. ಏನೂ ಆಗುವುದಿಲ್ಲ. ನೋವೂ ಅಷ್ಟೇನೂ ಇರುವುದಿಲ್ಲ. ನಿಜವಾಗಲೂ ಏನೂ ಆಗುವುದಿಲ್ಲ ಅಮ್ಮ. ಕೊಯ್ಲು ಶುರುವಾಗುವ ಮೊದಲೇ ಮಾಡಿಸಿ. ದುಡ್ಡು ಸೋಮವಾರ ಕಳಿಸುತ್ತೇನೆ, ಅಡಿಕೆ ರೇಟು ಏರಲಿ ಅಂತ ಕಾಯಬೇಡಿ. ಸ್ಕೂಟರ್ ಕೀಲಿ ಅಕ್ಕಿ ಡಬ್ಬಿಯಲ್ಲಿ ಬಚ್ಚಿಡು.

ಅಂದಹಾಗೆ, ಇಲ್ಲಿನ ಜೆಪಿಎಲ್ ಅನ್ನುವ ನಾಸಾ ಪ್ರಯೋಗಾಲಯದಲ್ಲಿ ನೌಕೆ ಇಳಿಯುವಾಗ ಎಲ್ಲರೂ ಕಡಲೆಕಾಯಿ ಬೀಜ ತಿನ್ನುತ್ತಾರೆ. 1964ರಲ್ಲಿ ಚಂದ್ರನತ್ತ ಕಳಿಸಿದ ರೇಂಜರ್ 7 ನೌಕೆ ಗೆದ್ದಾಗಿನಿಂದ ಶಾಸ್ತ್ರ. ನಾವು ಗಾಡಿ ಚಕ್ರಕ್ಕೆ ನಿಂಬೆಹಣ್ಣು ಇಟ್ಟರೆ ಮಾತ್ರ ನಗು!

ತಾರೀಕು ಗೊತ್ತಾದ ಕೂಡಲೇ ತಿಳಿಸು, ನಾನೇ ಅಪ್ಪನ ಹತ್ತಿರ ಮಾತಾಡ್ತೇನೆ. ಬಸ್ಸು ಬಂತು, ಉಳಿದದ್ದು ಆಮೇಲೆ.

ನಿನ್ನ ಮಗ